ಮೈನಸ್ 50ರಲ್ಲಿ ಬೆವರಬೇಡಿ!

ಪ್ರಶ್ನೆ: ಸೈಬೀರಿಯಾದ ಒಯ್ಮ್ಯಾಕೋನ್‌ನಲ್ಲಿ ಚಳಿಗಾಲದಲ್ಲಿ ಮೈನಸ್ 50 ಡಿಗ್ರಿ ಮಾಮೂಲಂತೆ. ಅಲ್ಲಿಯವರ ಮೈಯೇ ಬೇರೆ ಥರ ಇರುತ್ತಾ? ನಮ್ಮಂಥವರು ಹೋದರೆ ಬದುಕಬಹುದಾ?

ಉತ್ತರ: ಬದುಕಬಹುದು. ಅಲ್ಲಿ 1933ರಲ್ಲಿ ಮೈನಸ್ 67.7 ಡಿಗ್ರಿಯೂ ದಾಖಲಾಗಿದೆ. ಧ್ರುವದ ಹತ್ತಿರ ತಲೆಮಾರುಗಳಿಂದ ಇರುವವರ ಮೈ ಸುಮ್ಮನಿದ್ದಾಗಲೂ ಸ್ವಲ್ಪ ಜಾಸ್ತಿ ಶಾಖ ಹುಟ್ಟಿಸುತ್ತದೆ, ನಿಜ. ಆದರೆ ಬಟ್ಟೆ ಇಲ್ಲದೆ ಆ ಚಳಿಯಲ್ಲಿ ನಿಂತರೆ ಅವರಿಗೂ ಉಳಿಗಾಲವಿಲ್ಲ. ಅವರನ್ನು ಕಾಯುವುದು ಬಟ್ಟೆ, ಬೆಚ್ಚನೆ ಮನೆ, ಕೊಬ್ಬಿರುವ ಊಟ ಮತ್ತು ಅಭ್ಯಾಸ.

ಹೊಸಬರು ಥರ್ಮಾಮೀಟರ್ ನೋಡಿ ಹೆದರುತ್ತಾರೆ. ನಾನಾದರೆ ಬೆವರಿಗೆ ಹೆದರುತ್ತೇನೆ. ಬಟ್ಟೆ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಆ ಜಾಗಕ್ಕೆ ನೀರು ಬಂತೋ, ಕೆಲಸ ಕೆಟ್ಟಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ದಪ್ಪ ಜಾಕೆಟ್ ಹಾಕಿಕೊಂಡೇ ಅರ್ಧ ಗಂಟೆ ಹಿಮ ಎತ್ತಿ ಹಾಕಿ, ಆಮೇಲೆ ಉಸ್ಸಪ್ಪಾ ಅಂತ ಕೂತವನ ಬೆನ್ನು ತಣ್ಣಗಾಗುವುದಕ್ಕೆ ಹೆಚ್ಚು ಹೊತ್ತು ಬೇಡ. ಪಳಗಿದವರು ಹಾಗಲ್ಲ. ಕೆಲಸ ಶುರು ಮಾಡುವ ಮೊದಲೇ ಒಂದು ಪದರ ತೆಗೆದಿಡುತ್ತಾರೆ, ಕುತ್ತಿಗೆಯ ಹತ್ತಿರ ಸಡಿಲ ಮಾಡುತ್ತಾರೆ. ಕೆಲಸ ನಿಲ್ಲಿಸಿದ ಕೂಡಲೇ ಮತ್ತೆ ಹಾಕಿಕೊಳ್ಳುತ್ತಾರೆ. ಮೈಗೆ ತಾಗುವ ಪದರ ಹತ್ತಿಯದ್ದು ಬೇಡವೇ ಬೇಡ. ಅದು ಬೆವರು ಹೀರಿಕೊಂಡು ಒಣಗದೆ ಅಂಟಿಕೊಳ್ಳುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ.

ಉತ್ತರ ಧ್ರುವದ ಹತ್ತಿರದ ಇನುಯಿಟ್ ಜನರು ಇದನ್ನು ಎಂದೋ ಅರ್ಥ ಮಾಡಿಕೊಂಡಿದ್ದರು. ಅವರದು ಕ್ಯಾರಿಬೂ ಜಿಂಕೆಯ ತೊಗಲಿನ ಎರಡು ಅಂಗಿ. ಒಳಗಿನದರ ಕೂದಲು ಮೈ ಕಡೆಗೆ, ಹೊರಗಿನದರ ಕೂದಲು ಹೊರಗಡೆಗೆ. ಆ ಕೂದಲಿನ ಒಳಗೂ ಗಾಳಿ ತುಂಬಿರುತ್ತದೆ. ಅಂಗಿ ದೊಗಳೆ, ಸೆಖೆಯಾದರೆ ಬಿಸಿಗಾಳಿ ಕತ್ತಿನ ಕಡೆಯಿಂದ ಹೊರಗೆ ಹೋಗುತ್ತದೆ. ಬೂಟಿಗೂ ಇದೇ ಲೆಕ್ಕ: ಎರಡು ಕಾಲುಚೀಲ ತುರುಕಿ ಬಿಗಿ ಮಾಡಿದರೆ ಗಾಳಿಗೂ ಜಾಗವಿಲ್ಲ, ರಕ್ತವೂ ಸರಿಯಾಗಿ ಹರಿಯುವುದಿಲ್ಲ. ಕಾಲು ಇನ್ನೂ ತಣ್ಣಗಾಗುತ್ತದೆ.

ಗಾಳಿ ಬೀಸಿದರೆ ಲೆಕ್ಕವೇ ಬೇರೆ. ಮೈನಸ್ 20ರಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಇದ್ದರೆ ತೆರೆದ ಚರ್ಮಕ್ಕೆ ಅದು ಮೈನಸ್ 34ರಷ್ಟು ಕೊರೆಯುತ್ತದೆ. ಕನ್ನಡಕ ಹಾಕುವವರು ಲೋಹದ ಫ್ರೇಮ್ ಬಿಟ್ಟು ಪ್ಲಾಸ್ಟಿಕ್‌ನದ್ದು ಒಯ್ಯಿರಿ. ಲೋಹ ಕೆನ್ನೆಗೆ ಅಂಟಿಕೊಂಡರೆ ಬಿಡಿಸುವಾಗ ಚರ್ಮವೂ ಕಿತ್ತು ಬರಬಹುದು.

ಪ್ರಶ್ನೆ: ಒಂದು ಪೆಗ್ ಬ್ರಾಂದಿ ಹಾಕಿದರೆ ಚಳಿ ಓಡುತ್ತೆ ಅಲ್ವಾ?

ಉತ್ತರ: ಓಡಿದ ಹಾಗೆ ಅನ್ನಿಸುತ್ತದೆ, ಅಷ್ಟೆ. ಮದ್ಯ ಚರ್ಮದ ರಕ್ತನಾಳಗಳನ್ನು ಅಗಲ ಮಾಡುತ್ತದೆ. ಒಳಗಿನ ಶಾಖ ಹೊರಗೆ ಬಂದು ಪೋಲಾಗುತ್ತದೆ. ಚಳಿ ಗೊತ್ತಾಗದೆ ಹೊರಗೇ ಉಳಿಯುವುದು ಇನ್ನೊಂದು ಅಪಾಯ.

ಪ್ರಶ್ನೆ: ಬೆರಳ ತುದಿ ಬೆಳ್ಳಗಾಗಿ ಮರಗಟ್ಟಿದರೆ ಹಿಮದಿಂದ ಉಜ್ಜಬೇಕು ಅಂತಾರೆ. ಸರಿಯಾ?

ಉತ್ತರ: ಉಜ್ಜಲೇಬೇಡಿ. ಹಿಮದಿಂದಲೂ ಬೇಡ, ಕೈಯಿಂದಲೂ ಬೇಡ. ಹೆಪ್ಪುಗಟ್ಟಿದ ಜಾಗ ಉಜ್ಜಿದರೆ ಗಾಯ ದೊಡ್ಡದಾಗುತ್ತದೆ. ಬೆಂಕಿಗೂ ಹಿಡಿಯಬೇಡಿ, ಸ್ಪರ್ಶವೇ ಇಲ್ಲದ ಬೆರಳು ಸುಟ್ಟರೂ ಗೊತ್ತಾಗುವುದಿಲ್ಲ. ಒಳಗೆ ಹೋಗಿ 37ರಿಂದ 39 ಡಿಗ್ರಿ ನೀರಿನಲ್ಲಿ ಅದ್ದಿಡಿ. ಬಿಸಿಯನ್ನು ಬೇರೆಯವರು ಮೊಣಕೈಯಿಂದ ನೋಡಲಿ. ಜೀವ ಬರುವಾಗ ವಿಪರೀತ ನೋವಿರುತ್ತದೆ. ಆದರೆ ಮತ್ತೆ ಚಳಿಗೆ ಹೋಗಿ ಬೆರಳು ಹೆಪ್ಪುಗಟ್ಟುವ ಸಂಭವ ಇದ್ದರೆ ಈಗಲೇ ಕರಗಿಸಬೇಡಿ. ಎರಡನೇ ಸಲದ ಪೆಟ್ಟು ಮೊದಲನೆಯದಕ್ಕಿಂತ ಕೆಟ್ಟದ್ದು.

ಪ್ರಶ್ನೆ: ಜೊತೆಯಲ್ಲಿದ್ದವರು ಅಪಾಯದಲ್ಲಿದ್ದಾರೆ ಅಂತ ಹೇಗೆ ಗೊತ್ತಾಗುತ್ತದೆ?

ಉತ್ತರ: ಒಳಮೈಯ ಶಾಖ 35 ಡಿಗ್ರಿಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಗಡಗಡ ನಡುಗುತ್ತಿದ್ದರೆ ಮೈ ಇನ್ನೂ ಹೋರಾಡುತ್ತಿದೆ. ಮಾತು ತೊದಲಿದರೆ, ಗುಂಡಿ ಹಾಕಲು ಬಾರದಿದ್ದರೆ, ತಡವರಿಸಿ ನಡೆದರೆ ತಡ ಮಾಡಬೇಡಿ. ಮೈ ಇನ್ನೂ ತಣ್ಣಗಿರುವಾಗಲೇ ನಡುಕ ನಿಂತರೆ ನೆಮ್ಮದಿಪಡಬೇಡಿ, ಅದು ಕೆಟ್ಟ ಲಕ್ಷಣ. ಕೊನೆಯ ಹಂತದಲ್ಲಿ ಕೆಲವರು ಸೆಖೆ ಅಂತ ಬಟ್ಟೆ ಬಿಚ್ಚಲು ಶುರು ಮಾಡುತ್ತಾರೆ. ಒದ್ದೆ ಬಟ್ಟೆ ತೆಗೆದು ಒಣ ಹೊದಿಕೆ ಹೊದಿಸಿ, ಎದೆಯ ಭಾಗ ಬೆಚ್ಚಗೆ ಮಾಡಿ, ಅಲುಗಾಡಿಸದೆ ಮಲಗಿಸಿ. ಉಸಿರಿಲ್ಲ, ನಾಡಿ ಸಿಗುತ್ತಿಲ್ಲ ಅಂದರೂ ಎದೆ ಒತ್ತುವುದನ್ನು ಬಿಡದೆ ಆಸ್ಪತ್ರೆ ಮುಟ್ಟಿಸಿ. 1999ರಲ್ಲಿ ನಾರ್ವೆಯಲ್ಲಿ ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಂಡ ವೈದ್ಯೆಯೊಬ್ಬರ ಒಳಮೈ ಶಾಖ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಅವರು ಬದುಕಿ, ಮತ್ತೆ ವೈದ್ಯಕೀಯ ಕೆಲಸಕ್ಕೆ ಮರಳಿದರು.