ಕಾರಂತರ ಲೇಖನವನ್ನು ಹಿಂದಿರುಗಿಸುತ್ತಾ

ವಿರಾಜಪೇಟೆಯ ಗೆಳೆಯರೇ,

ರಂಗನಿರ್ದೇಶಕ ಬಿ.ವಿ. ಕಾರಂತರನ್ನು ನೆನೆದು ನೀವು ಬರೆದ ನಾಲ್ಕು ಪುಟ ತಲುಪಿತು. ಭಾಷೆ ಶುದ್ಧವಾಗಿದೆ, ಶ್ರದ್ಧೆಯೂ ಇದೆ. ಆದರೂ ಹೀಗೇ ಅಚ್ಚಿಗೆ ಕೊಡಲಾರೆ.

‘ಕಾರಂತರು ರಂಗಸಂಗೀತಕ್ಕೆ ಹೊಸ ಆಯಾಮ ನೀಡಿದರು’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅವರ ಹೆಸರು ತೆಗೆದು ಇನ್ಯಾರ ಹೆಸರಿಟ್ಟರೂ ಆ ಸಾಲು ನಡೆಯುತ್ತದೆ. ನನಗೆ ಸಿಟ್ಟು ಬಂದದ್ದು ಅದಕ್ಕೇ. ಹುಡುಗನಾಗಿ ಗುಬ್ಬಿ ನಾಟಕ ಕಂಪನಿ ಸೇರಿದ ಕಾರಂತರ ಕಿವಿಗೆ ಮೊದಲು ಬಿದ್ದದ್ದು ಕಂಪನಿ ಹಾಡು: ಮಾತು ನಿಲ್ಲುತ್ತದೆ, ಹಾರ್ಮೋನಿಯಂ ಶ್ರುತಿ ಹಿಡಿಯುತ್ತದೆ, ನಟ ಹಾಡುತ್ತಾನೆ, ‘ಒನ್ಸ್ ಮೋರ್’ ಬಿದ್ದರೆ ಮತ್ತೆ ಹಾಡುತ್ತಾನೆ. ಆ ಹಾಡನ್ನು ಅವರು ಬಿಡಲಿಲ್ಲ, ಕಥೆಯೊಳಕ್ಕೆ ಇಳಿಸಿದರು. ‘ಸತ್ತವರ ನೆರಳು’ ತೆಗೆದುಕೊಳ್ಳಿ. ಜಿ.ಬಿ. ಜೋಶಿಯವರ ಈ ನಾಟಕದಲ್ಲಿ ಮಠದ ಒಳಜಗಳ ನಡೆಯುತ್ತಿರುವಾಗ ಕಾರಂತರು ಮೇಳದಿಂದ ಪುರಂದರದಾಸರ ಪದ ಹಾಡಿಸಿದರು. ಕಿವಿಯಲ್ಲಿ ಭಕ್ತಿ, ಕಣ್ಣೆದುರು ಅಧಿಕಾರದ ಹಪಾಹಪಿ. ಚುಚ್ಚುವುದು ಅಲ್ಲಿ. ನೀವು ಬರೆಯಬೇಕಾದದ್ದೂ ಅದನ್ನೇ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ನಾಟಕದ ಬರಹಕ್ಕೆ ಒಂದೇ ಕಟ್ಟಳೆಯಿತ್ತು: ಕೇಳಿಸಿದ್ದು, ಕಂಡದ್ದು ಮೊದಲು, ‘ಅದ್ಭುತ’ ಆಮೇಲೆ. ಹಾಗೆ ಬರೆದಾಗ ಹೆಚ್ಚಿನ ಸಲ ‘ಅದ್ಭುತ’ಕ್ಕೆ ಜಾಗವೇ ಉಳಿಯುತ್ತಿರಲಿಲ್ಲ.

ಇನ್ನೊಂದು ಸಾಲು: ‘ರಂಗಾಯಣ ಕಟ್ಟಿದ ಮೇಲೆ ಭೋಪಾಲದಲ್ಲೂ ಸೇವೆ ಸಲ್ಲಿಸಿದರು’. ಹಿಂದುಮುಂದಾಗಿದೆ. 1977ರಿಂದ 1981ರವರೆಗೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ಆಮೇಲೆ ಭೋಪಾಲದ ಭಾರತ ಭವನದ ನಾಟಕ ತಂಡ ರಂಗಮಂಡಲ, 1989ರಲ್ಲಿ ಮೈಸೂರಿನ ನಾಟಕ ಸಂಸ್ಥೆ ರಂಗಾಯಣ. ಕ್ರಮ ತಪ್ಪಿದರೆ ಕಾರಣವೂ ಕಳೆದುಹೋಗುತ್ತದೆ. ನಟರಿಗೆ ಸಂಬಳ ಕೊಟ್ಟು ವರ್ಷವಿಡೀ ತಾಲೀಮು ಮಾಡಿಸುವ ರೆಪರ್ಟರಿಯನ್ನು ಅವರು ಭೋಪಾಲದಲ್ಲಿ ನಡೆಸಿಯೇ ಮೈಸೂರಿಗೆ ಬಂದದ್ದು. ಬುಂದೇಲಿ, ಮಾಳವಿ, ಛತ್ತೀಸ್‌ಗಢಿ ಮಾತುಗಳನ್ನು ರಂಗಕ್ಕೆ ತಂದದ್ದೂ ಅಲ್ಲೇ. ಅಪ್ಪಚ್ಚ ಕವಿ ಕೊಡವ ತಕ್ಕಿನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ನಾಟಕ ಬರೆದ ಕೊಡಗು ನಮ್ಮದು. ಮನೆಯಲ್ಲಿ ಅರೆಭಾಷೆಯನ್ನೋ ಕೊಡವ ತಕ್ಕನ್ನೋ ಆಡಿ, ವೇದಿಕೆ ಹತ್ತಿದೊಡನೆ ಪುಸ್ತಕದ ಕನ್ನಡಕ್ಕೆ ತಿರುಗುವ ನಮ್ಮ ಹುಡುಗರಿಗೆ ಕಾರಂತರು ಇಷ್ಟು ಹತ್ತಿರ ಬರುವ ಜಾಗ ಇನ್ನೊಂದಿಲ್ಲ. ನಿಮ್ಮಲ್ಲಿ ಅದಕ್ಕೆ ಅರ್ಧ ಸಾಲೂ ಇಲ್ಲವಲ್ಲ!

ಹುಟ್ಟೂರು, ಪ್ರಶಸ್ತಿಗಳ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಒಂದೇ ನಾಟಕದ ಒಂದು ದೃಶ್ಯ ಆರಿಸಿಕೊಳ್ಳಿ. ಹಾಡು ಯಾವ ಮಾತಿನ ಬೆನ್ನಿಗೆ ಏಳುತ್ತದೆ, ಮೊದಲು ಎತ್ತಿಕೊಳ್ಳುವವರು ಯಾರು, ಮೇಳ ಎಲ್ಲಿ ಸೇರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಬರೆಯಿರಿ. ಅವರ ಕೈಕೆಳಗೆ ಆಡಿದವರು, ಹಾಡಿದವರು ಮೈಸೂರಿನಲ್ಲಿದ್ದಾರೆ. ಹೋಗಿ ಕೇಳಿ, ಹಾಡಿಸಿ. ಎರಡು ಪುಟ ಸಾಕು. ಅವರು ತೀರಿಕೊಂಡದ್ದು 2002ರ ಸೆಪ್ಟೆಂಬರ್ 1ರಂದು. ಆ ತಿಂಗಳ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.