ಆಪ್ತ ಸಲಹೆ: ಲಾಕ್‌ಡೌನಿನಲ್ಲಿ ಒಬ್ಬರೇ ಇರುವವರು, ಒಟ್ಟಿಗೇ ಇರುವವರು

(ಜೂನ್ 2021)

ಪ್ರಶ್ನೆ: ನನಗೆ 33 ವರ್ಷ. ಊರು ಶಿರಸಿಯ ಕಡೆ. ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಆಫೀಸಿನ ಕೆಲಸವೂ ಅಲ್ಲಿಂದಲೇ. ವಯಸ್ಸಾದ ಅಪ್ಪ–ಅಮ್ಮನಿಗೆ ನನ್ನಿಂದ ಸೋಂಕು ತಗಲಬಾರದೆಂದು ಏಪ್ರಿಲ್‌ನಲ್ಲಿ ಊರಿಗೆ ಹೋಗದೆ ಉಳಿದೆ. ಈಗ ದಿನಗಟ್ಟಲೆ ಯಾರೊಂದಿಗೂ ಎದುರುಬದುರು ಮಾತಿಲ್ಲ. ಗೆಳತಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶಕ್ಕೆ ನೀಲಿ ಗುರುತು ಬಿದ್ದೂ ಉತ್ತರ ಬಾರದಿದ್ದರೆ, ಅವಳು ನನ್ನನ್ನು ದೂರ ಮಾಡುತ್ತಿದ್ದಾಳೆಂದು ಅಳು ಬರುತ್ತದೆ. ಇಷ್ಟು ವರ್ಷ ಮದುವೆ ಬೇಡವೆಂದು ಗಟ್ಟಿಯಾಗಿ ಹೇಳುತ್ತಿದ್ದವಳಿಗೆ, ವಿಡಿಯೊ ಕಾಲ್‌ನಲ್ಲಿ ಮಾತ್ರ ನೋಡಿರುವ ಹುಡುಗನಿಗೆ ಒಪ್ಪಿಗೆ ಕೊಟ್ಟುಬಿಡೋಣವೆನಿಸುತ್ತಿದೆ. ನನ್ನ ಮನಸ್ಸು ಅಷ್ಟು ದುರ್ಬಲವಾಯಿತೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ದುರ್ಬಲವಾಗಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಆರೋಗ್ಯವಂತರಾದ 40 ಮಂದಿಯನ್ನು ಹತ್ತು ಗಂಟೆಗಳ ಕಾಲ ಜನಸಂಪರ್ಕವೇ ಇಲ್ಲದಂತೆ ಇರಿಸಿ, ಬಳಿಕ ಜನ ಬೆರೆಯುವ ಚಿತ್ರಗಳನ್ನು ತೋರಿಸಿ ಅವರ ಮಿದುಳನ್ನು ಪರೀಕ್ಷಿಸಿದರು. ಇನ್ನೊಂದು ದಿನ ಅವರನ್ನೇ ಉಪವಾಸವಿರಿಸಿ ಊಟದ ಚಿತ್ರಗಳನ್ನು ತೋರಿಸಿದಾಗ ಮಿದುಳಿನ ಯಾವ ಭಾಗ ಮಿಡಿಯಿತೋ, ಒಂಟಿಯಾಗಿದ್ದಾಗಲೂ ಅದೇ ಭಾಗ ಅದೇ ಬಗೆಯಲ್ಲಿ ಮಿಡಿದಿತ್ತು. 2020ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಒಂಟಿತನದ ಅವಧಿ ಹತ್ತು ಗಂಟೆ ಮಾತ್ರ. ನಿಮ್ಮದು ವಾರಗಳನ್ನು ದಾಟಿದೆ. ಹಸಿದವರಿಗೆ ಅನ್ನ ಬೇಕೆನಿಸಿದರೆ ಅದನ್ನು ಯಾರೂ ದೌರ್ಬಲ್ಯವೆನ್ನುವುದಿಲ್ಲ.

ನೀಲಿ ಗುರುತಿನ ವಿಷಯವೂ ಇದಕ್ಕೇ ಸೇರಿದ್ದು. ದೀರ್ಘಕಾಲ ಒಂಟಿಯಾದ ಮನಸ್ಸು ಎಲ್ಲಿ ತಿರಸ್ಕಾರವಿದೆಯೋ ಎಂದು ಸದಾ ಕಾವಲು ಕಾಯುತ್ತಿರುತ್ತದೆ. ಹಾಗಾಗಿ ತಡವಾದ ಉತ್ತರವೂ ತಿರಸ್ಕಾರದಂತೆಯೇ ಕಾಣುತ್ತದೆ. ನಿಮ್ಮ ಗೆಳತಿ ಆ ಹೊತ್ತಿಗೆ ಯಾರಿಗೋ ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕುತ್ತಿದ್ದಿರಬಹುದು; ಈ ಮೇ ತಿಂಗಳಲ್ಲಿ ಬೆಂಗಳೂರಿನ ಎಷ್ಟೋ ಜನ ಅದನ್ನೇ ಮಾಡುತ್ತಿದ್ದರು. ಸಂದೇಶದ ಬದಲು ಕರೆ ಮಾಡಿ, ‘ನನಗೆ ತುಂಬಾ ಬೇಜಾರಾಗಿದೆ ಕಣೇ, ದಿನಾ ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಮಾತಾಡ್ತೀಯಾ?’ ಎಂದು ನೇರವಾಗಿ ಕೇಳಿಬಿಡಿ. ಹೊತ್ತು ಗೊತ್ತುಮಾಡಿಕೊಂಡ ಒಂದು ಕರೆ, ದಿನವಿಡೀ ಅಲ್ಲಿಷ್ಟು ಇಲ್ಲಿಷ್ಟು ಬರುವ ಸಂದೇಶಗಳಿಗಿಂತ ಹೆಚ್ಚು ಆಸರೆ ಕೊಡುತ್ತದೆ.

ನನ್ನನ್ನು ಕಳೆದ ವರ್ಷದಿಂದಲೂ ಕಾಡುತ್ತಿರುವ ಮಾತೊಂದನ್ನು ಇಲ್ಲಿ ಹೇಳಲೇಬೇಕು. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದಾಗಲಾಗಲಿ, ಈ ವರ್ಷ ಏಪ್ರಿಲ್ 27ರಿಂದ ನಮ್ಮ ರಾಜ್ಯದಲ್ಲಿ ನಿರ್ಬಂಧ ಬಂದಾಗಲಾಗಲಿ, ‘ಮನೆಯಲ್ಲೇ ಇರಿ’ ಎಂದವರು ಮನೆಯೆಂದರೆ ನಾಲ್ಕಾರು ಜನರಿರುವ ಸಂಸಾರವೆಂದೇ ಭಾವಿಸಿದ್ದರು. ಒಬ್ಬರೇ ಬಾಡಿಗೆಗಿರುವವರು, ಪಿ.ಜಿ. ಖಾಲಿಯಾದ ಮೇಲೂ ಉಳಿದವರು, ಮಕ್ಕಳೆಲ್ಲ ವಿದೇಶದಲ್ಲಿರುವ ವೃದ್ಧರು ಆ ಲೆಕ್ಕದಲ್ಲಿ ಬರಲೇ ಇಲ್ಲ. ಇಂಗ್ಲೆಂಡಿನಲ್ಲಿ 2020ರ ಜೂನ್ 13ರಿಂದ, ಒಬ್ಬರೇ ಇರುವ ವಯಸ್ಕರು ಇನ್ನೊಂದು ಮನೆಯೊಂದಿಗೆ ಸೇರಿಕೊಂಡು, ಅಂತರದ ನಿಯಮವಿಲ್ಲದೆ ಆ ಮನೆಯವರಂತೆಯೇ ಇರಲು ಅವಕಾಶ ಕೊಟ್ಟರು. ಆ ನಿಯಮವನ್ನು ಬರೆದವರಿಗೆ ಒಂಟಿ ಮನುಷ್ಯನ ಕಷ್ಟ ಕಣ್ಣಿಗೆ ಬಿದ್ದಿತ್ತು. ನಮ್ಮಲ್ಲಿಯೂ ಅಂಥದ್ದೊಂದು ಬರಬೇಕಿತ್ತು.

ಅದು ಇಲ್ಲದಿರುವಾಗ, ಇರುವ ನಿಯಮದೊಳಗೇ ದಾರಿ ಹುಡುಕಬೇಕು. ಹಾಲು–ತರಕಾರಿಗೆ ಬೆಳಿಗ್ಗೆ ಬಿಡುವಿದೆಯಲ್ಲ, ನಡೆದು ಹೋಗುವಷ್ಟು ದೂರದಲ್ಲಿ ಪರಿಚಯದವರಿದ್ದರೆ ಇಬ್ಬರೂ ಒಂದೇ ಹೊತ್ತಿಗೆ ಹೊರಡಿ. ಮಾಸ್ಕ್ ಹಾಕಿಕೊಂಡು, ಅಂತರವಿಟ್ಟು, ಹಾಲಿನ ಬೂತಿನವರೆಗೆ ಮಾತನಾಡುತ್ತ ಹೋಗಿ ಬನ್ನಿ. ಮನೆ ಮಾಲೀಕರ ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಮಹಡಿಯ ಮೇಲಿಂದಲೇ ಮಾತನಾಡಿಸಿ.

ಇನ್ನು ಮದುವೆ. ಆ ಹುಡುಗನ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ನೀವು ಮನಸ್ಸು ಬದಲಿಸಿದ್ದರೆ ಅದೂ ತಪ್ಪಲ್ಲ. ಆದರೆ ಈ ಸೆರೆಯಿಂದ ಬಿಡುಗಡೆ ಬೇಕೆಂಬ ಒಂದೇ ಕಾರಣಕ್ಕೆ ಒಪ್ಪಬೇಡಿ. ಓಡಾಟ ಶುರುವಾದ ಮೇಲೆ ಎರಡು ಮೂರು ಸಲ ಮುಖಾಮುಖಿ ಭೇಟಿಯಾಗಿ ನಿರ್ಧರಿಸುತ್ತೇನೆಂದು ಅಮ್ಮನಿಗೆ ಹೇಳಿ. ಅಷ್ಟು ದಿನ ಕಾಯಲಾರದ ಸಂಬಂಧವಾದರೆ ಅದನ್ನು ಬಿಡುವುದೇ ಮೇಲು. ನಿದ್ದೆ, ಊಟ ಕೆಟ್ಟಿದ್ದರೆ ಅಥವಾ ಬದುಕೇ ಬೇಡವೆನಿಸಿದರೆ ತಡಮಾಡದೆ ನಿಮ್ಹಾನ್ಸ್‌ನ ಸಹಾಯವಾಣಿ 080–46110007ಕ್ಕೆ ಕರೆ ಮಾಡಿ.

ಪ್ರಶ್ನೆ: ನಾವು ಗಂಡ–ಹೆಂಡತಿ ಇಬ್ಬರೂ ಉದ್ಯೋಗಿಗಳು. ಎರಡು ಕೋಣೆಯ ಮನೆ, ಆರು ವರ್ಷದ ಮಗಳಿಗೆ ಆನ್‌ಲೈನ್ ತರಗತಿ. ಎಂಟು ವರ್ಷ ಚೆನ್ನಾಗಿದ್ದವರು ಈಗ ಸಣ್ಣದಕ್ಕೂ ಜಗಳವಾಡುತ್ತೇವೆ. ಬಸ್ಸು ಬಿಟ್ಟ ಕೂಡಲೇ ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎನ್ನುತ್ತಾಳೆ ಹೆಂಡತಿ. ನಮ್ಮ ಸಂಬಂಧ ಮುಗಿಯಿತೇ?
– ಓದುಗ, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಅಡುಗೆ ಯಾರು ಮಾಡುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ, ಮಗಳ ಪಕ್ಕದಲ್ಲಿ ಮೊಬೈಲ್ ಹಿಡಿದು ಯಾರು ಕೂರುತ್ತಾರೆ ಎಂಬುದು ಅದರಲ್ಲೆಲ್ಲೂ ಇಲ್ಲ. ಮನೆಗೆಲಸದವರು ಬರುವುದು ನಿಂತ ಮೇಲೆ ಆ ಕೆಲಸಗಳೆಲ್ಲ ಯಾರ ಹೆಗಲಿಗೆ ಬಿದ್ದವೆಂದು ಮೊದಲು ನೋಡಿ. ಹೆಂಡತಿಯ ಹೆಗಲಿಗೇ ಬಿದ್ದಿದ್ದರೆ, ನಾಳೆಯಿಂದಲೇ ಒಂದು ಹೊತ್ತಿನ ಅಡುಗೆ ಮತ್ತು ಮಗಳ ತರಗತಿ ನಿಮ್ಮದಾಗಲಿ; ಅದನ್ನು ‘ಸಹಾಯ’ ಎಂದು ಕರೆಯಬೇಡಿ.

ಮೊದಲು ಆಫೀಸು, ಬಸ್ಸು, ಗೆಳೆಯರ ಜತೆಗಿನ ಚಹಾ ಇವೆಲ್ಲ ನಿಮ್ಮಿಬ್ಬರಿಗೂ ಬೇರೆ ಬೇರೆ ಉಸಿರಾಟಕ್ಕೆ ಜಾಗ ಕೊಡುತ್ತಿದ್ದವು. ಈಗ ಅದನ್ನು ಮನೆಯೊಳಗೇ ಮಾಡಿಕೊಳ್ಳಬೇಕು. ದಿನಕ್ಕೊಂದು ಗಂಟೆ ಒಂದು ಕೋಣೆ ಅವರದ್ದಾಗಿರಲಿ, ಬಾಗಿಲು ಹಾಕಿಕೊಳ್ಳಲಿ, ಯಾರೂ ಕರೆಯಬಾರದು. ಇನ್ನೊಂದು ಗಂಟೆ ಹಾಗೆಯೇ ನಿಮಗೆ. ತವರಿಗೆ ಹೋಗಬೇಕೆಂದರೆ ಹೋಗಿ ಬರಲಿ. ಒಂದೂವರೆ ವರ್ಷದಿಂದ ತಾಯಿಯನ್ನು ಮನಸಾರೆ ನೋಡದ ಹೆಣ್ಣುಮಕ್ಕಳು ಎಷ್ಟೋ ಜನ. ಸಂಬಂಧ ಮುಗಿಯಿತೇ ಎಂಬ ಪ್ರಶ್ನೆಯನ್ನು ಶಾಲೆ, ಆಫೀಸು ತೆರೆಯುವವರೆಗೆ ಇಬ್ಬರೂ ಎತ್ತಬೇಡಿ.

ಈ ಕಾಯುವ ಮಾತು ಹೊಡೆತ, ಬೆದರಿಕೆ ಇರುವ ಮನೆಗೆ ಅನ್ವಯಿಸುವುದಿಲ್ಲ. ಅಂಥ ಮನೆಯಲ್ಲಿರುವ ಓದುಗರು ಲಾಕ್‌ಡೌನ್ ಮುಗಿಯಲೆಂದು ಒಂದು ದಿನವೂ ಕಾಯಬಾರದು. ತುರ್ತು ಸಂದರ್ಭದಲ್ಲಿ 112, ಮಹಿಳಾ ಸಹಾಯವಾಣಿ 181. ಹೊಡೆಯುವವರು ಪಕ್ಕದಲ್ಲೇ ಕುಳಿತಿರುವಾಗ ಮಾತನಾಡಲಾಗುವುದಿಲ್ಲವೆಂದೇ ರಾಷ್ಟ್ರೀಯ ಮಹಿಳಾ ಆಯೋಗ 2020ರ ಏಪ್ರಿಲ್‌ನಲ್ಲಿ ವಾಟ್ಸ್ಆ್ಯಪ್ ಸಂಖ್ಯೆ 7217735372 ಆರಂಭಿಸಿತು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ದೂರು ಸ್ವೀಕರಿಸುವ ಸಂರಕ್ಷಣಾಧಿಕಾರಿ. ದೂರು ಕೊಟ್ಟ ಮಾತ್ರಕ್ಕೆ ನಿಮ್ಮನ್ನು ಗಂಡನ ಮನೆಯಿಂದ ಹೊರಹಾಕಲು ಯಾರಿಗೂ ಹಕ್ಕಿಲ್ಲ.