ಪಾಪ್ ಹಾಡುಗಳ ವಿಡಿಯೋಗಳು ಹಾರರ್ ಸಿನಿಮಾಗಳಿಂದ ನಿಜವಾಗಿ ಏನನ್ನು ಎರವಲು ಪಡೆಯುತ್ತವೆ?

ಹೊಗೆ, ಸ್ಮಶಾನ, ಕೊಡಲಿ, ನೆತ್ತರು, ಇಷ್ಟೇನಾ ಅಥವಾ ಬೇರೇನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ಹೊಟ್ಟೆಪಾಡಿಗೆ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವವನು. ದೆವ್ವದ ದೃಶ್ಯಗಳು ನನ್ನ ಕೈಗೆ ಬರುವುದಿಲ್ಲ (ಕೆಲವು ಬೀಗರನ್ನು ಬಿಟ್ಟರೆ). ಆದರೆ ಹಾಡಿನ ಮೇಲೆ ದೃಶ್ಯ ಕೂರಿಸುವ ಕಷ್ಟ ಗೊತ್ತು.

ಭಯ ಹುಟ್ಟುವುದು ಕಾಯಿಸುವುದರಿಂದ. ಬಾಗಿಲ ಹಿಂದೆ ಏನೋ ಇದೆ ಎಂದು ತಿಳಿದ ಮೇಲೂ ಬಾಗಿಲು ಬೇಗ ತೆರೆಯಬಾರದು. ಹಾಡಿಗೆ ಆ ವ್ಯವಧಾನವಿಲ್ಲ. ತಾಳ ಬಿದ್ದೇ ಬೀಳುತ್ತದೆ, ಪಲ್ಲವಿ ಎಲ್ಲಿ ಬರುತ್ತದೆಂದು ಕೇಳುವವನಿಗೆ ಮೊದಲೇ ಗೊತ್ತು. ಹಾಗಾಗಿ ಹಾರರ್ ಸಿನಿಮಾದ ವೇಷ ತೊಡುವುದು ಸುಲಭ, ಅದರ ನಡಿಗೆ ಕಲಿಯುವುದು ಕಷ್ಟ. 1997ರ ಹಾಡೊಂದರ ವಿಡಿಯೋದಲ್ಲಿ ಬ್ಯಾಕ್‌ಸ್ಟ್ರೀಟ್ ಬಾಯ್ಸ್ ಎಂಬ ಪಾಪ್ ಗಾಯಕರ ತಂಡದವರು ಪಾಳು ಬಂಗಲೆಯೊಂದರಲ್ಲಿ ಡ್ರಾಕುಲಾ, ಮಮ್ಮಿ, ತೋಳಮಾನವ ಎಂದೆಲ್ಲ ಬಣ್ಣ ಹಚ್ಚಿಕೊಂಡು ಕುಣಿದರು. ನೋಡಲು ಮಜವಾಗಿದೆ, ಆದರೆ ಅದು ಶಾಲಾ ವಾರ್ಷಿಕೋತ್ಸವದ ಛದ್ಮವೇಷ.

ನಡಿಗೆಯನ್ನೇ ಕಲಿತದ್ದು 1983ರ ಡಿಸೆಂಬರ್‌ನಲ್ಲಿ ಬಂದ ಮೈಕೆಲ್ ಜಾಕ್ಸನ್ ಅವರ 'ಥ್ರಿಲ್ಲರ್'. ನಿರ್ದೇಶಕ ಜಾನ್ ಲ್ಯಾಂಡಿಸ್ ಅದಕ್ಕೆ ಎರಡು ವರ್ಷ ಮೊದಲು ತೋಳಮಾನವನ ಸಿನಿಮಾವೊಂದನ್ನು ಮಾಡಿದ್ದವರು. ಆ ಸಿನಿಮಾದ ಮೇಕಪ್‌ಗೆ ಆಸ್ಕರ್ ಪಡೆದಿದ್ದ ರಿಕ್ ಬೇಕರ್ ಅವರೇ ಇಲ್ಲಿಯೂ ಬಣ್ಣ ಹಚ್ಚಿದರು. ಆದರೆ ನನ್ನನ್ನು ಬೆರಗಾಗಿಸುವುದು ಬಣ್ಣವಲ್ಲ, ಕತ್ತರಿ. ವಿಡಿಯೋ ಸುಮಾರು 14 ನಿಮಿಷದ್ದು. ಹಾಡಿನ ಮೊದಲ ಸಾಲು ಕೇಳಲು ನಾಲ್ಕು ನಿಮಿಷಕ್ಕೂ ಹೆಚ್ಚು ಕಾಯಬೇಕು. ಆಲ್ಬಂನಲ್ಲಿ ಚರಣವೊಂದು ಮುಗಿದರೆ ಪಲ್ಲವಿ ಬರುತ್ತದೆ. ಇಲ್ಲಿ ಚರಣಗಳನ್ನೆಲ್ಲ ಒಟ್ಟುಗೂಡಿಸಿ, ಜಾಕ್ಸನ್ ಮತ್ತು ಅವರ ಜೊತೆಗಾತಿ ಹುಡುಗಿ ರಾತ್ರಿಯ ಬೀದಿಯಲ್ಲಿ ನಡೆಯುವಾಗಲೇ ಹಾಡಿಸಿಬಿಟ್ಟಿದ್ದಾರೆ. ಆಮೇಲೆ ಹಳೆಯ ಹಾರರ್ ಸಿನಿಮಾಗಳ ನಟ ವಿನ್ಸೆಂಟ್ ಪ್ರೈಸ್ ಅವರ ಗಡಸು ದನಿ ಕೇಳುತ್ತದೆ, ಗೋರಿಗಳಿಂದ ಹೆಣಗಳು ಏಳುತ್ತವೆ, ಇಬ್ಬರನ್ನೂ ಸುತ್ತುವರಿಯುತ್ತವೆ. ಹುಡುಗಿ ತಿರುಗಿ ನೋಡಿದರೆ ಪಕ್ಕದಲ್ಲಿದ್ದವನೂ ಹೆಣವಾಗಿದ್ದಾನೆ. ಪಲ್ಲವಿ ಇನ್ನೂ ಬಂದಿಲ್ಲ! ಜಗತ್ತೇ ಬಾಯಿಪಾಠ ಮಾಡಿಕೊಂಡಿದ್ದ ಸಾಲನ್ನು ಬಾಗಿಲ ಹಿಂದೆ ಕೂಡಿಹಾಕಿದ್ದಾರೆ. ನಾನು ಮದುವೆ ಹಾಡಿನ ಪಲ್ಲವಿಯನ್ನು ಹತ್ತು ಸೆಕೆಂಡ್ ಹಿಂದೆ ತಳ್ಳಿದರೂ ವರನ ಕಡೆಯವರ ಫೋನ್ ಬರುತ್ತದೆ.

ಕುಣಿತದ ನಡುವೆ ಕೊನೆಗೂ ಪಲ್ಲವಿ ಬಂದಾಗ ಒಂದು ವಿಚಿತ್ರ ನಡೆಯುತ್ತದೆ. ಜಾಕ್ಸನ್ ಅವರ ಮುಖದಿಂದ ಹೆಣದ ಬಣ್ಣ ಮಾಯವಾಗಿ, ಅವರದೇ ಮುಖ ಮರಳುತ್ತದೆ. ಸುತ್ತಲಿನ ಹೆಣಗಳು ಹೆಣಗಳಾಗಿಯೇ ಇರುತ್ತವೆ. ಪಲ್ಲವಿ ಮುಗಿಯಿತೋ, ಮತ್ತೆ ಅವರು ಹೆಣ, ಮತ್ತೆ ಹುಡುಗಿಯ ಬೆನ್ನಟ್ಟುವುದು. ಕಥೆಯೊಳಗೆ ಇದಕ್ಕೆ ಕಾರಣವೇ ಇಲ್ಲ. ನನಗೆ ಹೊಳೆಯುವುದಿಷ್ಟು: ಹಾರರ್ ಸಿನಿಮಾಕ್ಕೆ ಮುಖ ಕೆಡಬೇಕು, ಪಾಪ್ ಹಾಡಿಗೆ ತಾರೆಯ ಮುಖ ಕಾಣಬೇಕು. ಆ ಜಗಳವನ್ನು ಲ್ಯಾಂಡಿಸ್ ಪಲ್ಲವಿಯ ಮಟ್ಟಿಗೆ ಕದನವಿರಾಮ ಘೋಷಿಸಿ ಬಗೆಹರಿಸಿದ್ದಾರೆ.

ನಮ್ಮ ಹಳೆಯ ದೆವ್ವದ ಸಿನಿಮಾಗಳಲ್ಲಿ ಈ ತಾಪತ್ರಯವೇ ಇರಲಿಲ್ಲ. ಬಿಳಿ ಸೀರೆಯ ಮೋಹಿನಿ ಗೆಜ್ಜೆ ಕಟ್ಟಿಕೊಂಡು ತಾನೇ ಹಾಡುತ್ತಿದ್ದಳು, ಮುಖವೂ ಚೆಂದವೇ.

ಇತ್ತೀಚಿನವುಗಳಲ್ಲಿ 2020ರಲ್ಲಿ ಬಂದ ದಿ ವೀಕೆಂಡ್ ಅವರ 'ಇನ್ ಯುವರ್ ಐಸ್' ನೋಡಿ. ಚಾಕು ಹಿಡಿದು ಬೆನ್ನಟ್ಟುವ ಕೊಲೆಗಾರ, ಉಳಿದುಕೊಳ್ಳುವ ಒಬ್ಬಳೇ ಹುಡುಗಿ: ಎಂಬತ್ತರ ದಶಕದ ಕೊಲೆ ಸಿನಿಮಾಗಳ ಸಿದ್ಧ ಸೂತ್ರ. ಕೊಲೆಗಾರ ಸ್ವತಃ ಗಾಯಕ. ಹುಡುಗಿ ಕೊಡಲಿ ಎತ್ತಿ ಅವನ ತಲೆ ಕಡಿಯುತ್ತಾಳೆ. ಅಲ್ಲಿಗೆ ತಾರೆಯ ಕಥೆ ಮುಗಿಯಬೇಕಿತ್ತು. ಆದರೆ ಅವಳು ಆ ತಲೆಯನ್ನೇ ಕೈಯಲ್ಲಿ ಹಿಡಿದುಕೊಂಡು ಕುಣಿಯುತ್ತಾಳೆ. ಕ್ಯಾಮೆರಾಗೆ ಮುಖ ಸಿಕ್ಕೇ ಸಿಗುತ್ತದೆ.